ಚಪ್ಪರಕ್ಕೆ ಬಂದ ಆರ್ಕೆಸ್ಟ್ರಾ ಜೋಡಿ

ನನ್ನ ಹೆಂಡತಿ ಕೆಂಪಾಜಮ್ಮ ಹುಲ್ಲಹಳ್ಳಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಸೌಟು ಎತ್ತಿದಳೆಂದರೆ ಇಡೀ ಶಾಲೆಯ ಮಕ್ಕಳು ತೆಪ್ಪಗೆ ಸಾಲಿನಲ್ಲಿ ಕೂರುತ್ತವೆ, ಅಂಥ ಗಟ್ಟಿಗಿತ್ತಿ. ಆದರೆ ನಂಜೇಶ್–ಭಾಗೀರಥಿ ಹೆಸರು ಕೇಳಿದರೆ ಸಾಕು, ಕರಗಿ ನೀರಾಗುತ್ತಾಳೆ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಗಣೇಶನ ಪೆಂಡಾಲುಗಳಿಗೆ ತಿ. ನರಸೀಪುರದ ಆರ್ಕೆಸ್ಟ್ರಾ ಬರುತ್ತಿತ್ತು. ಯುಗಳಗೀತೆ ಎಂದರೆ ಇವರಿಬ್ಬರದೇ. ನಂಜೇಶನಿಗೆ ಮಿರಮಿರ ಹೊಳೆಯುವ ಕೋಟು, ಭಾಗೀರಥಿಯವರಿಗೆ ಮುಡಿ ತುಂಬ ಮಲ್ಲಿಗೆ. ಹಾಡಿನ ನಡುವೆ ಅವನು ರೇಗಿಸುವುದು, ಅವರು ಮೈಕಿನಲ್ಲೇ ಗದರುವುದು. ಆಗಷ್ಟೇ ಮದುವೆಯಾಗಿ ಬಂದಿದ್ದ ಕೆಂಪಾಜಿ, ಇವರು ಗಂಡ–ಹೆಂಡತಿಯೇ ಎಂದು ತೀರ್ಮಾನ ಮಾಡಿಬಿಟ್ಟಳು. ಶುರುವಾಯಿತು ನೋಡಿ ನನ್ನ ಗ್ರಹಚಾರ. ನನಗೋ ಮೂಗಿನ ತುದಿಯಲ್ಲೇ ಕೋಪ. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ದನಿ ಏರಿಸಿದರೆ, 'ಅವ್ರನ್ನ ನೋಡಿ ಕಲೀರಿ, ಜಗಳಾನೂ ಎಷ್ಟು ಚೆಂದಾಗಿ ಆಡ್ತಾರೆ' ಎನ್ನುತ್ತಿದ್ದಳು. ನಾನು ಒಂದು ದಿನವೂ ಮಾತಾಡಿಸದ ಆ ನಂಜೇಶನನ್ನು ನೆನೆದರೆ ನನಗೆ ಮೈಯೆಲ್ಲ ಉರಿ.

ಮೊನ್ನೆ ಮಗಳು ಪಲ್ಲವಿಯ ಮದುವೆ ಗೊತ್ತಾದಾಗ ಕೆಂಪಾಜಿ ಕೇಳಿದ್ದು ಒಂದೇ. ಚಪ್ಪರದ ದಿನ ಆ ಜೋಡಿ ಬಂದು ಹಾಡಬೇಕು, ಮಗಳ ಸಂಸಾರವೂ ಅವರದ್ದರ ಹಾಗೇ ಇರಬೇಕು. ವಿಚಾರಿಸಿದೆ. ಆರ್ಕೆಸ್ಟ್ರಾ ಎಂದೋ ನಿಂತುಹೋಗಿತ್ತು. ನರಸೀಪುರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ನಂಜೇಶ್ ಫೋನಿನಲ್ಲಿ, 'ಇಬ್ರೂ ಬತ್ತೀವಿ ಬುಡಿ ಸಾ' ಎಂದ.

ಚಪ್ಪರದ ಸಂಜೆ ಇಬ್ಬರೂ ಬಂದರು. ನಂಜೇಶನ ತಲೆ ಬೋಳಾಗಿತ್ತು, ಭಾಗೀರಥಿಯವರಿಗೆ ದಪ್ಪ ಕನ್ನಡಕ ಬಂದಿತ್ತು. ಕೆಂಪಾಜಿ ಚಾಪೆ ಹಾಸಿ ಇಬ್ಬರನ್ನೂ ಒತ್ತಾಗಿ ಕೂರಿಸಿದಳು. ಒಂದೇ ತಟ್ಟೆಯಲ್ಲಿ ಸೀರೆ, ಪಂಚೆ, ಅರಿಶಿನ ಕುಂಕುಮ, ಎಲೆ ಅಡಿಕೆ ಇಟ್ಟು, ನೆಂಟರೆಲ್ಲರ ಎದುರು ದಂಪತಿಗೆ ಕೊಡುವ ಹಾಗೆ ಮುಂದೆ ಹಿಡಿದಳು.

ಭಾಗೀರಥಿ ಕೈ ಹಿಂದಕ್ಕೆ ಎಳೆದುಕೊಂಡರು. 'ನಾವು ಗಂಡ ಎಂಡ್ತಿ ಅಲ್ಲ ಕಣವ್ವ. ನಮ್ಮನೆಯವ್ರು ಊರಲ್ಲವ್ರೆ. ಇವ್ರ ಎಂಡ್ತಿನೂ ಮನೇಲವ್ರೆ.'

ಚಪ್ಪರವೆಲ್ಲ ಗೊಳ್ಳೆಂದು ನಕ್ಕಿತು. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಕೆಂಪಾಜಿಯ ಮುಖ ನೋಡುವವರೆಗೆ ಮಾತ್ರ. 'ಇಷ್ಟು ವರ್ಸ ಇಲ್ದೇ ಇರೋ ಸಂಸಾರನ ನಂಬ್ಕಂಡಿದ್ನಾ' ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೊರಟಳು. ಕಣ್ಣು ತುಂಬಿತ್ತು. ಹಲ್ಲು ಕಿರಿಯುತ್ತಿದ್ದವರಿಗೆಲ್ಲ 'ಬಾಯಿ ಮುಚ್ರಲಾ' ಎಂದು ಗದರಿದೆ.

ಭಾಗೀರಥಿ ಎದ್ದು ಅವಳ ಸೆರಗು ಹಿಡಿದು ನಿಲ್ಲಿಸಿದರು. 'ಅರಿಶಿನ ಕುಂಕುಮದ ತಟ್ಟೆ ಅಂಗೇ ಒಳಕ್ಕೆ ಓಗ್ಬಾರ್ದು ತಾಯಿ. ನಿಮ್ಮೆಜಮಾನ್ರನ್ನ ಕರೀರಿ.' ನಮ್ಮಿಬ್ಬರನ್ನೂ ಅದೇ ಚಾಪೆಯ ಮೇಲೆ ಕೂರಿಸಿ, ತಟ್ಟೆಯನ್ನು ನಮ್ಮ ಕೈಗೇ ಕೊಟ್ಟರು. ನಂಜೇಶ್ ಮೈಕು ಹಿಡಿದ.

ದನಿ ಮೊದಲಿನ ಹಾಗಿರಲಿಲ್ಲ. ಅವನದು ಒಡೆದಿತ್ತು, ಮೇಲಿನ ಸ್ವರಕ್ಕೆ ಹೋದಾಗ ಭಾಗೀರಥಿಯವರಿಗೆ ಉಸಿರು ಸಾಲುತ್ತಿರಲಿಲ್ಲ. ಆದರೂ ಕೇಳಲು ಹಿತವಾಗಿತ್ತು. ಪಲ್ಲವಿ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೇ ನೋಡುತ್ತಿದ್ದಳು. ನಾನು ನಾಚಿಕೆಯಿಂದ ಚಾಪೆಯ ಅಂಚಿಗೆ ಸರಿದಿದ್ದೆ. ಕೆಂಪಾಜಿ ನನ್ನ ತೋಳು ಹಿಡಿದು ಎಳೆದಳು.

'ವಸಿ ಈಚೆಗೆ ಬನ್ನಿ' ಎಂದಳು. 'ಇವತ್ತಿನ ಹಾಡು ನಮ್ದು ಕಣ್ರೀ.'