ಜೇಬಿನಲ್ಲಿಲ್ಲದ ಕೆಂಪು ವೈರು

ನಮ್ಮ ಭಾವನಿಗೆ ಅವರ ಕಂಪನಿಯವರು ಇಟ್ಟಿದ್ದ ಅಡ್ಡಹೆಸರು 'ತಪ್ಪಿಲ್ಲದಪ್ಪ'. ಭಾವ ಲಿಫ್ಟ್ ಮೆಕ್ಯಾನಿಕ್. ಎಲ್ಲಿ ಯಾವ ಲಿಫ್ಟ್ ಕೆಟ್ಟು ನಿಂತರೂ ಅವರ ಬಾಯಿಂದ ಬರುವ ಮೊದಲ ಮಾತು, "ನನ್ನ ಕಡೆಯಿಂದ ತಪ್ಪಿಲ್ಲ." ಮೈ ಉರಿಸುವ ಸಂಗತಿಯೆಂದರೆ ಅದು ನಿಜವೇ ಆಗಿರುತ್ತಿತ್ತು. ಕುಡಿತವಿಲ್ಲ, ಸುಳ್ಳಿಲ್ಲ, ಒಂದು ನಟ್ಟನ್ನೂ ಸಡಿಲ ಬಿಟ್ಟವರಲ್ಲ. ಅಂಥವರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂದು ನನ್ನ ಅಕ್ಕನನ್ನು ಕೇಳಬೇಕು.

ಭಾನುವಾರ ಅಕ್ಕನನ್ನು ಸ್ಕೂಟರಿನಲ್ಲಿ ಚರ್ಚಿನ ಗೇಟಿನವರೆಗೆ ಬಿಡುತ್ತಿದ್ದರು, ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಬನ್ನಿ ಭಾವ ಎಂದು ನಾನು ಕರೆದರೆ ಉತ್ತರ ಸಿದ್ಧವಿರುತ್ತಿತ್ತು.

"ಬಿದ್ದವರನ್ನ ಎತ್ತೋಕೆ ಯೇಸು ಬಂದ ಅಂತೀರಲ್ಲ, ನಾನು ಬಿದ್ದೇ ಇಲ್ವಲ್ಲ. ನನ್ನ ಹತ್ರ ಅವನಿಗೇನು ಕೆಲಸ?"

ನಗುತ್ತಲೇ ಹೇಳುತ್ತಿದ್ದರು, ಆದರೆ ಅದು ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು.

ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಂಪು ವೈರಿನ ತುಂಡು. ಬಾಗಿಲುಗಳೆಲ್ಲ ಮುಚ್ಚಿದ್ದರೆ ಮಾತ್ರ ಲಿಫ್ಟ್ ಓಡುತ್ತದೆ. ರಿಪೇರಿಯ ಹೊತ್ತಿನಲ್ಲಿ ಬಾಗಿಲು ತೆರೆದಿದ್ದರೂ ಓಡಿಸಿ ನೋಡಬೇಕಲ್ಲ, ಆಗ ಈ ವೈರು ಸಿಕ್ಕಿಸಿ ಬಾಗಿಲು ಮುಚ್ಚಿದೆ ಎಂದು ಲಿಫ್ಟಿಗೆ ನಂಬಿಸುತ್ತಾರೆ. ಕೆಲಸ ಮುಗಿದ ಕೂಡಲೇ ಅದನ್ನು ಕಿತ್ತು ಜೇಬಿಗೆ ಹಾಕಬೇಕು. ಮರೆತರೆ ಬಾಗಿಲು ತೆರೆದವರ ಎದುರು ಲಿಫ್ಟ್ ಇರುವುದಿಲ್ಲ, ಬರೀ ಆಳವಾದ ಗುಂಡಿ.

ಹಾಗೆ ಒಮ್ಮೆ ಮರೆತವನು ಭಾವನ ಸ್ವಂತ ತಮ್ಮ. ಅಣ್ಣನ ಕೈಕೆಳಗೇ ಕೆಲಸ ಕಲಿತವನು. ಬಟ್ಟೆ ಗೋದಾಮಿನಲ್ಲಿ ಹಮಾಲಿಯೊಬ್ಬ ಗುಂಡಿಗೆ ಬಿದ್ದು ಸೊಂಟ ಮುರಿದುಕೊಂಡ. ತಮ್ಮ ಅಳುತ್ತಾ ಮನೆಗೆ ಬಂದರೆ ಭಾವ ಹೊಸ್ತಿಲಾಚೆಯೇ ನಿಲ್ಲಿಸಿದರು. "ವೈರು ಮರೆತ ಕೈ ನನ್ನ ಮನೆ ತಟ್ಟೆ ಮುಟ್ಟಬಾರದು" ಎಂದು ಬಾಗಿಲು ಹಾಕಿಕೊಂಡರು. ಒಳಗೆ ಅಕ್ಕ, ಹೊರಗೆ ಅವನು, ಇಬ್ಬರೂ ಅತ್ತರು. ಅವನು ಅಲ್ಲಿಂದ ಹಮಾಲಿಯ ಹಾಸಿಗೆಯ ಪಕ್ಕಕ್ಕೆ ಹೋಗಿ ಕ್ಷಮೆ ಕೇಳಿದ. ಹಮಾಲಿ ಯೇಸುವನ್ನು ನಂಬಿದ ಮನುಷ್ಯ. ಕ್ಷಮಿಸಿದ, ಯಾಕೆ ಕ್ಷಮಿಸಿದೆ ಎಂಬುದನ್ನೂ ಹೇಳಿದ. ಆಮೇಲೆ ತಮ್ಮ ನಮ್ಮ ಚರ್ಚಿಗೆ ಬರತೊಡಗಿದ. ಅಂದಿನಿಂದ ಭಾವ ಗೇಟಿನವರೆಗೂ ಬಾರದೆ ರಸ್ತೆಯ ತಿರುವಿನಲ್ಲೇ ಅಕ್ಕನನ್ನು ಇಳಿಸಿ ಹೋಗುತ್ತಿದ್ದರು.

ಒಂದು ಭಾನುವಾರ ಅಕ್ಕ ಗಟ್ಟಿ ಮನಸ್ಸು ಮಾಡಿ ಮೈದುನನನ್ನು ಊಟಕ್ಕೆ ಕರೆದಳು. ಭಾವ ಆಗ ಕಣ್ಣಿನ ಆಸ್ಪತ್ರೆಯಲ್ಲಿ ಮೂರನೇ ಮಹಡಿಯ ಲಿಫ್ಟ್ ಬಾಗಿಲಿನ ಸವೆದ ಲಾಕು ಬಿಚ್ಚಿಕೊಂಡು ಕೂತಿದ್ದರು. ಅಕ್ಕ ಫೋನಿನಲ್ಲಿ ವಿಷಯ ತಿಳಿಸಿದ್ದೇ ತಡ, ಕೆಲಸ ಅಲ್ಲಿಗೇ ಬಿಟ್ಟು ಸಿಟ್ಟಿನಲ್ಲಿ ಧಡಧಡ ಮನೆಗೆ ಬಂದರು. ನಾನು ತಟ್ಟೆ ಒರೆಸುತ್ತಿದ್ದೆ.

"ಯಾರನ್ನ ಕೇಳಿ ಕರೆದೆ? ನಾನು ಇಷ್ಟು ವರ್ಷ ದುಡಿದಿದ್ದೀನಿ, ಒಂದು ದಿನ, ಒಂದೇ ಒಂದು ದಿನ ಇದನ್ನ ಮರೆತಿದ್ದೀನಾ?"

ಇಂಥ ಹೊತ್ತಿನಲ್ಲಿ ಆ ಕೆಂಪು ವೈರನ್ನು ಹೊರತೆಗೆದು ನಮ್ಮ ಮುಖದ ಮುಂದೆ ಆಡಿಸುವುದು ಅವರ ಅಭ್ಯಾಸ. ಅಂದೂ ಜೇಬಿಗೆ ಕೈ ಹಾಕಿದರು. ಕೈ ಬರಿದಾಗಿ ಹೊರಬಂತು. ಇನ್ನೊಂದು ಜೇಬು ತಡಕಿದರು, ಪ್ಯಾಂಟಿನದನ್ನು ಒಳಹೊರಗು ಮಾಡಿದರು.

"ಬಾಗಿಲಿಗೆ ಲಾಕೂ ಇಲ್ಲ" ಎಂದರು ಕೊನೆಗೆ. "ಹೊರಗಿನಿಂದ ಎಳೆದರೆ ತೆಗೆಯುತ್ತೆ."

ಭಾನುವಾರ ಊಟದ ಹೊತ್ತಿಗೇ ಅಲ್ಲಿ ಆಪರೇಷನ್ ಆದವರನ್ನು ಮನೆಗೆ ಕಳಿಸುವುದು. ಮೂರನೇ ಮಹಡಿಯೇ ವಾರ್ಡು. ಅಲ್ಲಿಂದ ಹೊರಡುವವರೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು.

ಆಸ್ಪತ್ರೆಗೆ ಫೋನು ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಅಕ್ಕ ತನ್ನ ಫೋನು ಮುಂದೆ ಹಿಡಿದಳು.

"ಚಿಕ್ಕವನ ಮನೆ ಆಸ್ಪತ್ರೆ ಹಿಂದಿನ ಬೀದೀಲೇ ಇದೆ ರೀ. ಲಿಫ್ಟ್ ಕೆಲಸ ಅವನಿಗೆ ಗೊತ್ತು. ಮಾತಾಡಿ."

ಭಾವ ಆ ಫೋನನ್ನು ನೋಡಿದರು, ಮುಟ್ಟಲಿಲ್ಲ. ಎಂಥ ಮನುಷ್ಯ ಇವರು! ನನಗೆ ತಡೆಯಲಾಗಲಿಲ್ಲ. "ಭಾವ, ಅಲ್ಲಿ ಯಾರೋ ಸಾಯ್ತಾರೆ!" ಎಂದು ಕಿರುಚಿದೆ. ಆಗ ಭಾವ ಫೋನು ಕಿತ್ತುಕೊಂಡರು.

"ಕಣ್ಣಾಸ್ಪತ್ರೆ. ಮೂರನೇ ಮಹಡಿ. ನನ್ನ ವೈರು ಅಲ್ಲೇ ಇದೆ."

"ಹೊರಟೆ ಅಣ್ಣ" ಎಂಬ ಧ್ವನಿ ನನಗೂ ಕೇಳಿಸಿತು.

ಭಾವ ಎಷ್ಟು ತಿವಿದರೂ ಸ್ಕೂಟರಿನ ಕೀಲಿ ತೂತಿಗೆ ಸೇರಲಿಲ್ಲ. ನಾನೇ ಓಡಿಸಿದೆ. ಅವರ ಭಾರಕ್ಕೆ ಗಾಡಿ ಹಿಂದಕ್ಕೆ ವಾಲುತ್ತಿತ್ತು, ಸಿಗ್ನಲ್ಲುಗಳೆಲ್ಲ ನಮಗೆಂದೇ ಕೆಂಪಾದವು. "ದೇವರೇ, ಯಾರೂ ಬೀಳಬಾರದು" ಎಂದು ಅವರು ಗೊಣಗುತ್ತಿದ್ದುದು ನನಗೆ ಬೆನ್ನ ಹಿಂದಿನಿಂದ ಕೇಳಿಸುತ್ತಿತ್ತು. ದೇವರನ್ನು ಅವರು ಕರೆದದ್ದು ನಾನು ಅದೇ ಮೊದಲ ಸಲ ಕೇಳಿದ್ದು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೇ ಮೇಲಿನಿಂದ ಜಗಳದ ಸದ್ದು. ಮೂರನೇ ಮಹಡಿಯಲ್ಲಿ ಗುಂಪು ಸೇರಿತ್ತು. ಭಾವನ ತಮ್ಮ, ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ಚೌಕಟ್ಟು ಹಿಡಿದು ನಿಂತಿದ್ದ. ತುಟಿ ಒಡೆದು ಗಲ್ಲದ ಮೇಲೆ ರಕ್ತ. ಎದುರಿಗೆ ಕಣ್ಣಿಗೆ ಪಟ್ಟಿ ಕಟ್ಟಿದ ಅಜ್ಜಿಯೊಬ್ಬಳು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಅವಳ ಮಗ ತಮ್ಮನ ಕಾಲರ್ ಹಿಡಿದಿದ್ದ.

"ನನ್ನ ತಾಯೀನ ಹಿಡಿದು ಎಳೀತೀಯೇನೋ? ಕುಡಿದಿದ್ದೀಯಾ?"

"ನನ್ನ ಚಪ್ಪಲಿ ಒಳಗೆ ಬೀಳಿಸಿದ ಕಣೋ, ಹೊಸಾದು" ಎಂದು ಅಜ್ಜಿ ಶಾಪ ಹಾಕುತ್ತಿದ್ದಳು. ತನ್ನ ಕಾಲೂ ಅದರ ಜೊತೆ ಗುಂಡಿಯ ಅಂಚು ದಾಟಿತ್ತು ಎಂದು ಆ ಪುಣ್ಯಾತ್ಗಿತ್ತಿಗೆ ಗೊತ್ತೇ ಇರಲಿಲ್ಲ.

ಲಿಫ್ಟ್ ಕೆಟ್ಟಿದೆ, ಒಳಗೆ ಗುಂಡಿ ಇದೆ ಎಂದು ತಮ್ಮ ಹೇಳುತ್ತಲೇ ಇದ್ದ, ನಂಬುವವರಿರಲಿಲ್ಲ. ಕರೆಂಟು ತೆಗೆಯೋಣವೆಂದರೆ ಮೇಲಿನ ಮೋಟರ್ ಕೋಣೆಯ ಕೀಲಿ ಭಾವನ ಬಳಿ. ಬಾಗಿಲು ಬಿಟ್ಟು ಕದಲಿದರೆ ಇನ್ನೊಬ್ಬರು ಎಳೆದು ತೆರೆಯುತ್ತಾರೆ. ಅದಕ್ಕೇ ಏಟು ತಿಂದುಕೊಂಡು ನಿಂತಿದ್ದ.

ಅಷ್ಟರಲ್ಲಿ ವಾರ್ಡಿನ ಕಡೆಯಿಂದ ಯಾರೋ ಕೂಗಿದರು. "ಇವನನ್ನ ನಾನು ಬಲ್ಲೆ. ಗೋದಾಮಿನಲ್ಲಿ ಹಮಾಲೀನ ಬೀಳಿಸಿದವನು ಇವನೇ. ಇದೂ ಇವನದೇ ಕೆಲಸ!"

ತಮ್ಮ ತಲೆ ಎತ್ತಿ ಅಣ್ಣನನ್ನು ಕಂಡ. ಕಂಡೂ ಬಾಯಿ ಬಿಡಲಿಲ್ಲ. ಭಾವ ಹಾಗೇ ಸುಮ್ಮನಿದ್ದಿದ್ದರೆ ಸಾಕಿತ್ತು. ಎಲ್ಲರೂ ನಂಬಲು ಸಿದ್ಧರಿದ್ದರು, ಅವರ ಹೆಸರಿಗೆ ಒಂದು ಚುಕ್ಕೆಯೂ ಅಂಟುತ್ತಿರಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಸುಮ್ಮನಿರುತ್ತಾರೆ ಎಂದೇ ನನಗೆ ಅನಿಸಿತ್ತು, ಸುಳ್ಳೇಕೆ ಹೇಳಲಿ.

"ಅವನನ್ನ ಬಿಡಿ" ಎಂದರು ಭಾವ. "ತಪ್ಪು ನನ್ನದು. ವೈರು ಮರೆತವನು ನಾನು. ಅವನು ನಿಮ್ಮ ತಾಯಿಯ ಜೀವ ಉಳಿಸಿದ್ದಾನೆ."

ಆಮೇಲೆ ಒಂದು ಏಟು ಭಾವನಿಗೂ ಬಿತ್ತು. ಅವರು ತಡೆಯಲಿಲ್ಲ.

ಲಿಫ್ಟ್ ಬಾಗಿಲಿಗೆ ಆಸ್ಪತ್ರೆಯವನೊಬ್ಬನನ್ನು ಕಾವಲಿಟ್ಟು, ಮೋಟರ್ ಕೋಣೆಗೆ ಹೋಗಿ ಕರೆಂಟು ತೆಗೆದು, ಪ್ಯಾನಲಿನಲ್ಲಿದ್ದ ಕೆಂಪು ವೈರು ಕಿತ್ತು ಭಾವ ನೆಲದ ಮೇಲೆ ಕುಸಿದು ಕೂತರು. ಗ್ರೀಸಿನ ವಾಸನೆ, ಸೆಕೆ. ತಮ್ಮ ಅವರ ಪಕ್ಕದಲ್ಲಿ ಕೂತ. ನಾನು ಬಾಗಿಲಲ್ಲಿ ನಿಂತೆ.

"ನಿನ್ನದಲ್ಲದ ತಪ್ಪಿಗೆ ಯಾಕೋ ಏಟು ತಿಂದೆ?"

"ಇದೇನು ಮಹಾ, ಒಂದು ಏಟು ಅಣ್ಣ. ನನ್ನ ತಪ್ಪಿಗೆ ಒಬ್ಬ ಶಿಲುಬೆಗೇ ಹೋದ. ನಿನ್ನ ತಪ್ಪಿಗೂ ಅವನೇ ಹೋದದ್ದು. ಸತ್ತು ಸಮಾಧಿ ಸೇರಿದವನು ಜೀವಂತ ಎದ್ದು ಬಂದ. ಅದಕ್ಕೇ ಈಗಲೂ ಕರೆದರೆ ಓ ಅಂತಾನೆ."

"ನಾನು ಏನು ಮಾಡಿ ಇದನ್ನ ತೀರಿಸಲಿ?"

"ತೀರಿಸೋಕಾಗಲ್ಲ. ನಾನೂ ಪ್ರಯತ್ನಪಟ್ಟೆ. ತೀರಿಸಿ ಬಾ ಅಂತ ಅವನು ಹೇಳಿಲ್ಲ. ಬಾ ಅಂದಿದ್ದಾನೆ, ಅಷ್ಟೇ."

"ಎಲ್ಲಿಂದ ಶುರು ಮಾಡೋದು? ನನಗೆ ಪ್ರಾರ್ಥನೆ ಬರಲ್ಲ."

"ಕೆಳಗೆ ಜನರ ಮುಂದೆ ಹೇಳಿದೆಯಲ್ಲ, ಅದನ್ನೇ ಅವನಿಗೂ ಹೇಳು. ನನ್ನನ್ನ ನಿನ್ನವನನ್ನಾಗಿ ಮಾಡ್ಕೋ ಅಂತ ಕೇಳು. ಉಳಿದದ್ದು ದಿನಾ ಅವನ ಜೊತೆ ನಡೀತಾ ಕಲಿಯೋದು. ಬೈಬಲ್ ವಾಕ್ಯ ಓದೋಣ, ಜೊತೇಲಿ ಪ್ರಾರ್ಥನೆ ಮಾಡೋಣ. ನಾನಿದ್ದೀನಲ್ಲ."

ಭಾವ ವೈರನ್ನು ಮುಷ್ಟಿಯಲ್ಲಿ ಹಿಡಿದು ತಲೆ ತಗ್ಗಿಸಿದರು. "ಯೇಸುವೇ, ನಾನು ಬಿದ್ದಿದ್ದೀನಿ. ಎತ್ತು. ಇನ್ನು ಮುಂದೆ ನೀನು ಹೇಳಿದ ಹಾಗೆ" ಎಂದರು. ಮುಂದಿನದು ಅಳುವಿನಲ್ಲಿ ಮುಳುಗಿತು. ನಾನೂ ಅತ್ತೆ.

ಬಾಗಿಲಿಗೆ ಲಾಕು ಕೂರಿಸಿ ಮನೆಗೆ ಬಂದಾಗ ಊಟ ಆರಿ ಹೋಗಿತ್ತು. ಅಕ್ಕ ಬಾಗಿಲಲ್ಲೇ ನಿಂತು ಕಾಯುತ್ತಿದ್ದಳು. ಯಾರೂ ಬಿದ್ದಿಲ್ಲ ಎಂದು ನಾನು ದೂರದಿಂದಲೇ ಕೂಗಿ ಹೇಳಿದೆ. ಭಾವ ತಮ್ಮನನ್ನು ಮುಂದೆ ಮಾಡಿ ಹೊಸ್ತಿಲು ದಾಟಿಸಿದರು, ತಾವೇ ನೀರು ತಂದು ಅವನ ತುಟಿಯ ರಕ್ತ ತೊಳೆದರು. ಅಕ್ಕ ತಟ್ಟೆಗಳನ್ನು ಮುಂದಿಟ್ಟಳು. ಭಾವ ಕೂರಲಿಲ್ಲ. ಗೋಡೆಗೆ ಒರಗಿ, ತಪ್ಪು ಮಾಡಿದ ಮಗುವಿನ ಹಾಗೆ ತಮ್ಮದೇ ಕೈಗಳನ್ನು ನೋಡುತ್ತಾ ನಿಂತರು.

"ಇವೂ ವೈರು ಮರೆತ ಕೈಗಳೇ ಕಣೋ" ಎಂದರು.

ತಮ್ಮ ಒಂದು ತಟ್ಟೆ ಎತ್ತಿ ಆ ಕೈಗಳಲ್ಲಿಟ್ಟ. "ಊಟ ಮಾಡಣ್ಣ" ಎಂದ.