ಕಾಕೂ ಕಿತ್ತ ಕುಂಬಳ ಬಳ್ಳಿ

ಪಕ್ಕದ ಮನೆಯ ಕಾಕೂನ ಮೂಗುತಿಗೆ ಸದಾ ಮಣ್ಣು ಅಂಟಿರುತ್ತಿತ್ತು. ಬೀಜ ಊರುವ ಮುಂಚೆ ಹಿಡಿ ಮಣ್ಣೆತ್ತಿ ಮೂಸಿ ನೋಡುವುದು ಅವರ ಚಾಳಿ. "ಮಣ್ಣು ಹುಳಿ ನಾತ ಹೊಡದ್ರ ಬೀಜ ಹಾಕಬ್ಯಾಡ," ಅನ್ನುತ್ತಿದ್ದರು. ದಾಂಡೇಲಿಯ ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದು ಗಿಡ್ಡ ಗೋಡೆ ಮಾತ್ರ. ಕಾಕೂ ಹಳಿಯಾಳ ಕಡೆಯ ಒಕ್ಕಲು ಮನೆತನದವರು. ಗಂಡನ ನೌಕರಿಗಾಗಿ ಇಲ್ಲಿಗೆ ಬಂದರೂ ನಾಲ್ಕು ಮಾರು ಹಿತ್ತಲನ್ನು ಹೊಲ ಎಂದೇ ಕರೆಯುತ್ತಿದ್ದರು.

ತೊಂಬತ್ತರ ದಶಕದ ನಡುವೆ ನಾನು ಅಲ್ಲಿಗೆ ಸೊಸೆಯಾಗಿ ಬಂದೆ. ಎರಡು ಬಸಿರು ನಿಲ್ಲಲಿಲ್ಲ. ಅತ್ತೆ ಬೈಯುವವರಲ್ಲ. ಆದರೆ ನನ್ನ ಕೈಯಿಂದ ಹಾಲಿಗೆ ಹೆಪ್ಪು ಹಾಕಿಸುವುದನ್ನು, ಬೀಜ ಹಾಕಿಸುವುದನ್ನು ಮೆಲ್ಲಗೆ ನಿಲ್ಲಿಸಿಬಿಟ್ಟರು. ಕೈಗುಣ ಸರಿಯಿಲ್ಲವೆಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಆ ಮಳೆಗಾಲ, ಬಚ್ಚಲ ನೀರು ಹರಿಯುವಲ್ಲಿ ಅತ್ತೆ ಹಚ್ಚಿದ್ದ ಕುಂಬಳ ಬಳ್ಳಿ ಹೀಚು ಬಿಟ್ಟಿತು. ನಾನು ಖುಷಿಯಲ್ಲಿ ಬೆರಳು ಮಾಡಿ ತೋರಿಸಿಬಿಟ್ಟೆ. ಹೀಚಿಗೆ ಬೆರಳು ಮಾಡಿದರೆ ಕೊಳೆಯುತ್ತದೆಂದು ನಮ್ಮ ಕಡೆ ಕೂಸಿಗೂ ಗೊತ್ತು. ವಾರದೊಳಗೆ ಇಡೀ ಬಳ್ಳಿ ಬಾಡಿತು. ಅತ್ತೆ ಬಳ್ಳಿಯನ್ನು ನೋಡಲಿಲ್ಲ, ನನ್ನ ಬೆರಳನ್ನು ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕಾಕೂ ಗೋಡೆ ಸುತ್ತಿ ಬಂದವರೇ ಯಾರನ್ನೂ ಕೇಳದೆ ಬಳ್ಳಿ ಕಿತ್ತರು. ಬುಡವನ್ನು ಉಗುರಿನಿಂದ ಸೀಳಿ ಅತ್ತೆಯ ಮುಂದೆ ಹಿಡಿದರು.

"ನೋಡ್ರಿ ಅಕ್ಕಾರ, ಬೇರು ಕೊಳೆತು ಕರ್ರಗಾಗ್ಯಾವು. ಬೆರಳಿನ ಕೆಲಸ ಆಗಿದ್ರ ಕಾಯಿ ಕೊಳೀಬೇಕಿತ್ತು. ಬೇರ್ಯಾಕ ಕೊಳೀತು? ಹಗಲೂ ರಾತ್ರಿ ನೀರಾಗ ನಿಂತ್ರ ಮನಶ್ಯಾರ ಕಾಲೂ ಕೆಡ್ತಾವು!"

ಕೊಳೆತ ಬಳ್ಳಿಯನ್ನು ತಿಪ್ಪೆಗೂ ಹಾಕಗೊಡದೆ ಕಾಕೂ ಸುಟ್ಟರು.

ಮರುವರ್ಷ ಮಳೆ ಹಿಡಿಯುವ ಮುಂಚೆ ಕಾಕೂ ನಮ್ಮ ಹಿತ್ತಲಿನ ಬೇರೆ ಮೂಲೆಯಲ್ಲಿ ನನ್ನಿಂದ ಗೇಣೆತ್ತರದ ದಿಬ್ಬ ಮಾಡಿಸಿದರು. ಕಳಿತ ಗೊಬ್ಬರ, ಬೇವಿನ ಹಿಂಡಿ ಬೆರೆಸಿದೆವು. "ಬೀಜ ನೀನ ಹಚ್ಚವ್ವಾ," ಎಂದು ಒಳಗಿದ್ದ ಅತ್ತೆಗೆ ಕೇಳುವ ಹಾಗೆ ಕೂಗಿದರು. ಬುಡಕ್ಕೆ ನೀರು ಸುರಿಯಬಾರದು, ಕಾಂಡಕ್ಕೆ ಮಣ್ಣು ಒತ್ತಬಾರದು ಎಂದು ನೂರು ಸಲ ಹೇಳಿದರು. ನಾನು ಗಳಿಗೆಗೊಮ್ಮೆ ಹೋಗಿ ಬಳ್ಳಿ ನೋಡುವುದು ಕಂಡು, "ಅದಕ್ಕೂ ಸ್ವಲ್ಪ ಸಂಸಾರ ಮಾಡಾಕ ಬಿಡs ನಮ್ಮವ್ವಾ," ಎಂದು ನಗುತ್ತಿದ್ದರು.

ಶ್ರಾವಣದಲ್ಲಿ ಕಾಕೂಗೆ ಕಾಮಾಲೆಯಾಯಿತು. ಹುಬ್ಬಳ್ಳಿಗೆ ಒಯ್ದರು. ತಿರುಗಿ ಬರಲಿಲ್ಲ.

ನವರಾತ್ರಿಯ ಹೊತ್ತಿಗೆ ಬಳ್ಳಿ ತುಂಬ ಕಾಯಿ. ಅತ್ತೆ ಓಣಿಯವರಿಗೆಲ್ಲ ಹೋಳು ಹಂಚುತ್ತ, "ನಮ್ಮ ಸೊಸಿ ಹಚ್ಚಿದ್ದುರಿ. ಕೈಗುಣ ಚಲೋ ಐತಿ ಆಕೀದು," ಅಂದರು. ಎಷ್ಟು ದಿನದಿಂದ ಆ ಮಾತಿಗೆ ಹಸಿದಿದ್ದೆ! ಕಾಕೂ ಕೇಳಬೇಕಿತ್ತು. ಆ ಕೊರಗು ಇವತ್ತಿಗೂ ಹೋಗಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾಯಿಯನ್ನು ಇಡಿಯಾಗಿಯೇ ಎತ್ತಿಕೊಂಡು ಅವರ ಮನೆಗೆ ಹೋದೆ. ಕಾಕೂನ ಗಂಡ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡರು.

"ಇಷ್ಟ್ಯಾಕ ತಂದಿ ಅವ್ವಾ," ಅಂದರು. "ಈಗ ನಾ ಒಬ್ಬನ ಅದೇನಿ."