ಪಾರಣೆ ಯಾವತ್ತೆಂದು ಕೇಳಿದವರು

ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ತಾಲ್ಲೂಕುಗಳಲ್ಲಿ ವಯಸ್ಸಾದವರ ಮನಸ್ಸಿನ ಆರೈಕೆಯ ಮಾತು ಬಂದರೆ ಮೊದಲು ನೆನಪಾಗುವವರು ಶ್ರೀಮತಿ ರಾಧಮ್ಮನವರು. ಮೂವತ್ತನಾಲ್ಕು ವರ್ಷ ಸರ್ಕಾರಿ ಶುಶ್ರೂಷಕಿಯಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಅವರು ದೊಡ್ಡ ಪದವಿಗಳನ್ನು ಪಡೆದವರಲ್ಲ. ಆದರೆ ಹಿರಿಯರ ಮರೆವನ್ನು ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕುತ್ತಿದ್ದ ನಮಗೆ, ಆ ಮರೆವಿನ ಜೊತೆಗೇ ಭಯ, ಸಂಶಯ, ಮಂಕು ಕವಿಯಬಹುದೆಂದೂ ಅವುಗಳಿಗೆ ಮದ್ದುಂಟೆಂದೂ ತಿಳಿಸಿಕೊಟ್ಟವರು.

ಭಂಡಿಗಡಿಯ ರೈತ ಮನೆತನದಲ್ಲಿ ಹುಟ್ಟಿದ ಅವರು ಮೊದಲು ಸೇವೆಗೆ ಸೇರಿದ್ದು ನರಸಿಂಹರಾಜಪುರದಲ್ಲಿ. ಅಲ್ಲಿ ಹಿರಿಯರ ನೆನಪಿನ ಪರೀಕ್ಷೆಗೆಂದು ಅಚ್ಚಾದ ಪ್ರಶ್ನೆಗಳಿದ್ದವು. ಇವತ್ತು ಎಷ್ಟನೇ ತಾರೀಖು ಎಂದು ಬೈರಪ್ಪನವರೆಂಬ ಹಿರಿಯ ರೈತರನ್ನು ಕೇಳಿದಾಗ ಅವರು ಸಿಡುಕಿದರು.

“ತಾರೀಕು ಕಟ್ಕೊಂಡು ನಂಗೆಂತ ಆಗ್ಬೇಕಮ್ಮ? ಕ್ಯಾಲೆಂಡರ್ ನೋಡಿ ನಾಟಿ ಮಾಡ್ತೀವಾ?”

“ಹಾಗಾರೆ ಈಗ ಯಾವ ಮಳೆ, ಹೇಳಿ.”

“ಪುಷ್ಯ ಮುಗೀತು, ನಿನ್ನೆ ಆಶ್ಲೇಷ ಹುಟ್ತು. ನಿಮ್ಮ ಡಾಕ್ಟ್ರಿಗೆ ಗೊತ್ತುಂಟಾ ಇದು?”

ಅಂದಿನಿಂದ ರಾಧಮ್ಮನವರು ಅಚ್ಚಿನ ಪ್ರಶ್ನೆಯ ಪಕ್ಕದಲ್ಲಿ ಆಯಾ ಮನೆಗೆ ತಕ್ಕ ಪ್ರಶ್ನೆಯನ್ನೂ ಬರೆದಿಟ್ಟುಕೊಂಡರು. ಕೊಪ್ಪಕ್ಕೆ ವರ್ಗವಾಗಿ ಮೇಗುಂದದ ಕಡೆ ಮನೆಮನೆ ತಿರುಗುವಾಗಲೂ ಅಡುಗೆಯವರನ್ನು ಸಾರಿನ ಪುಡಿಯ ಬಗ್ಗೆ, ದರ್ಜಿಯನ್ನು ರವಿಕೆಯ ಅಳತೆಯ ಬಗ್ಗೆ ಕೇಳುತ್ತಿದ್ದರು.

ಅವರು ನಮ್ಮ ಶೃಂಗೇರಿಗೆ ವರ್ಗವಾಗಿ ಬಂದ ಮೇಲೆ, ಏಳು ವರ್ಷದ ಹಿಂದೆ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಪುರೋಹಿತ ವಿಘ್ನೇಶ್ವರ ಭಟ್ಟರ ಮಡದಿ ಮೂಕಾಂಬಿಕಮ್ಮ, ಬೀದಿಯ ಹೆಣ್ಣುಮಕ್ಕಳಿಗೆಲ್ಲ ದೇವರ ಹಾಡು ಕಲಿಸುತ್ತಿದ್ದವರು, ಮೆಲ್ಲಗೆ ಹಾಡು ಬಿಟ್ಟರು, ಮಾತು ಬಿಟ್ಟರು. ಏಕಾದಶಿಗೆ ಮಾತ್ರ ಇದ್ದ ಉಪವಾಸ ವಾರಕ್ಕೆ ಮೂರು ದಿನವಾಯಿತು. ವೈರಾಗ್ಯ ಬಂದಿದೆಯೆಂದು ಭಟ್ಟರು ಹೆಮ್ಮೆಪಟ್ಟರು. ನೆರೆಯ ನಾವೂ ಹೋಗಿ ಕಾಲು ಮುಟ್ಟಿ ಬಂದೆವು. ಆ ಕಾಲು ದಿನೇದಿನೇ ಕಡ್ಡಿಯಾಗುತ್ತಿದ್ದುದು ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದದ್ದು, ಭಟ್ಟರ ರಕ್ತದೊತ್ತಡ ನೋಡಲು ಬಂದ ರಾಧಮ್ಮನವರ ಕಣ್ಣಿಗೆ.

“ಎಂತ ಭಟ್ರೇ, ಅಮ್ಮ ಹಿಂಗೆ ಇಳಿದು ಹೋಗಿದಾರಲ್ಲ?”

“ವ್ರತ ಕಣಮ್ಮ. ಅವಳ ಯೋಗ್ಯತೆ ನಂಗೇ ಬರಲಿಲ್ಲ.”

“ವ್ರತ ಹಿಡಿದೋರಿಗೆ ಪಾರಣೆ ಯಾವತ್ತು ಅಂತ ಗೊತ್ತಿರುತ್ತೆ. ಒಂದ್ಸಲ ಕೇಳಿ ನೋಡಿ.”

ಉಪವಾಸ ಮುಗಿಸಿ ಉಣ್ಣುವ ಆ ಹೊತ್ತನ್ನು ಮೂಕಾಂಬಿಕಮ್ಮ ಐವತ್ತು ವರ್ಷ ತಪ್ಪಿಸಿದವರಲ್ಲ. ಭಟ್ಟರು ನಗುತ್ತಲೇ ಕೇಳಿದರು. ಆಕೆ ಗಂಡನ ಮುಖವನ್ನು ಬಹಳ ಹೊತ್ತು ನೋಡಿ, “ಯಾವ ಉಪವಾಸ? ನಾ ಉಂಡೆನಲ್ಲ” ಎಂದರು. ಮತ್ತೆ ಅಡುಗೆಮನೆಯತ್ತ ಕಣ್ಣು ಹೊರಳಿಸಿ ದನಿ ತಗ್ಗಿಸಿದರು: “ಅವಳು ಬಡಿಸಿದ್ದು ಬೇಡ. ಅನ್ನಕ್ಕೆ ಎಂತೋ ಬೆರೆಸ್ತಾಳೆ.”

ಅವಳೆಂದರೆ ಸೊಸೆ ಅರ್ಪಿತಾ. ನಾಲ್ಕು ತಿಂಗಳಿಂದ ಈ ಮಾತು ಕೇಳುತ್ತಿದ್ದರೂ, ಊರೇ ಕೈಮುಗಿಯುವ ಅತ್ತೆಯ ಮೇಲೆ ದೂರು ಹೇಳಲು ಅಂಜಿ ಬಾಯಿ ಬಿಡದೆ ಇದ್ದಳು. ಭಟ್ಟರು ಹಾಗೇ ಗೋಡೆಗೆ ಒರಗಿ ಕುಳಿತುಬಿಟ್ಟರು.

ಮುಂದಿನ ಮಂಗಳವಾರವೇ ರಾಧಮ್ಮನವರು ಮೂಕಾಂಬಿಕಮ್ಮನನ್ನು ಮನೋವೈದ್ಯರಿಗೆ ತೋರಿಸಿದರು. ಮರೆವು ಇನ್ನೂ ಹೊಸ್ತಿಲಲ್ಲಿದೆ, ಅದನ್ನು ಪೂರ್ತಿ ಅಳಿಸಲಾಗದು. ಜೊತೆಗೆ ಬಂದ ಖಿನ್ನತೆ, ಸಂಶಯಗಳನ್ನು ತಗ್ಗಿಸಬಹುದು ಎಂದು ವೈದ್ಯರು ಮದ್ದು ಬರೆದರು. ಮದ್ದು ಹಿಡಿಯುವವರೆಗೆ ಉಣಿಸುವುದು ಹೇಗೆ?

“ನೈವೇದ್ಯ ನೀವೇ ಬೇಯಿಸ್ತೀರಲ್ಲ ಭಟ್ರೇ, ಅದನ್ನೇ ಬಡಿಸಿ. ದೇವರು ಉಂಡಿದ್ದರ ಮೇಲೆ ಅವ್ರಿಗೆ ಅನುಮಾನ ಬರ್ಲಿಕ್ಕಿಲ್ಲ,” ಎಂದರು ರಾಧಮ್ಮನವರು. ಹಾಗೆಯೇ ಆಯಿತು. ಅರ್ಪಿತಾಳನ್ನು ಹಿತ್ತಿಲಿಗೆ ಕರೆದು, “ನಿನ್ನ ಮೇಲೇ ಯಾಕೆ ಗೊತ್ತುಂಟಾ ಮಾರಾಯ್ತಿ? ದಿನಾ ಎದುರಿಗಿರೋಳು ನೀನೊಬ್ಳೇ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಬೆರೆಸೋಳು ನಾನೇ!” ಎಂದು ನಗಿಸಿದರು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಮೂಕಾಂಬಿಕಮ್ಮ ಸೊಸೆಯ ಕೈಯಿಂದಲೇ ಅನ್ನ ಹಾಕಿಸಿಕೊಂಡು ಉಂಡು, “ಇದೊಂದು ಸಾರಾ? ಉಪ್ಪು ಹಾಕ್ಲಿಕ್ಕೂ ಬರೂದಿಲ್ಲ ನಿಂಗೆ” ಎಂದು ಬೈದರಂತೆ. ಆ ಬೈಗುಳವನ್ನು ಫೋನಿನಲ್ಲಿ ರಾಧಮ್ಮನವರಿಗೆ ಒಪ್ಪಿಸುತ್ತ ಅರ್ಪಿತಾ ಸಂತೋಷಕ್ಕೆ ಅತ್ತುಬಿಟ್ಟಳು.

ಮತ್ತೆ ಆರು ವರ್ಷ ಮೂಕಾಂಬಿಕಮ್ಮ ನಮ್ಮ ನಡುವೆ ಇದ್ದರು. ಮರೆವು ಹೆಚ್ಚಿತು, ಮಕ್ಕಳ ಹೆಸರುಗಳೂ ಹೋದವು. ಆದರೆ ಹಾಡು ಅರ್ಧಂಬರ್ಧವಾಗಿ ಮರಳಿತು. ಹೋದ ವರ್ಷ ತಾಯಿ ಶಾರದೆ ಅವರನ್ನು ಕರೆದುಕೊಂಡಳು. ನಮ್ಮ ಬೀದಿಯ ಸಂಜೆಗಳು ಇನ್ನೂ ಅವರನ್ನು ಹುಡುಕುತ್ತಿವೆ. ಅವರು ಹಸಿದು ಹೋಗಲಿಲ್ಲ, ಸೊಸೆಯನ್ನು ದ್ವೇಷಿಸುತ್ತ ಹೋಗಲಿಲ್ಲ ಎಂಬ ನೆಮ್ಮದಿ ಮಾತ್ರ ನಮಗುಂಟು. ಅದು ರಾಧಮ್ಮನವರು ಕೊಟ್ಟದ್ದು.

ನಿವೃತ್ತಿಯ ನಂತರವೂ ಮಂಗಳವಾರಗಳಂದು ಮೇಗುಂದದ ಮನೆಗಳಿಗೆ ಹೋಗುವುದಾಗಿ ಅವರು ಹೇಳಿದ್ದಾರೆ. ಜೊತೆಗೆ ಹೊರಟವಳು ಅರ್ಪಿತಾ. ದೇವಿಯು ಅವರಿಗೆ ತುಂಬು ಆಯುಸ್ಸನ್ನೂ ಗುಡ್ಡ ಹತ್ತಿಳಿಯುವ ಶಕ್ತಿಯನ್ನೂ ಕೊಡಲಿ. ಯಾವುದೋ ಮನೆಯ ಜಗಲಿಯಲ್ಲಿ ಈ ಹೊತ್ತಿಗೂ ಒಬ್ಬ ಹಿರಿಯರು ಉಣ್ಣದೆ ಕುಳಿತಿರಬಹುದು. ಅವರ ಪಕ್ಕದಲ್ಲಿ ಕೂರಲು ರಾಧಮ್ಮನವರು ಬೇಕು.